ಹೋರಿಗಿಟ್ಟ ಹೆಸರು

ತುರುವೇಕೆರೆಯ ಪಶು ಆಸ್ಪತ್ರೆಯ ಜಗಲಿಯಲ್ಲಿ ಮೇಕೆ ಹಿಡಿದು ಕೂತಿದ್ದ ಕೆಂಪಕ್ಕನ ಕಿವಿಗೆ ಪಕ್ಕದ ಇಬ್ಬರ ಮಾತು ಬೀಳುತ್ತಿತ್ತು. ಅವರಲ್ಲಿ ಹಿರಿಯನ ಹೋರಿ ಎದುರಿಗೆ ತೆಂಗಿನ ನೆರಳಲ್ಲಿ ಮಲಗಿತ್ತು.

“ಆ ಕಬಡ್ಡಿ ಆಟಗಾರ ವಿಜೇತ್ ಇದ್ದಾನಲ್ಲ, ನಾಯಿಗಳನ್ನ ಕಚ್ಚಾಡ್ಸಿ, ಸೋತಿದ್ದನ್ನ ಬಡ್ದು ಸಾಯಿಸ್ತಿದ್ನಂತೆ ಕಣಣ್ಣ.”

“ಟಿವೀಲೂ ಅದೇ ಗೋಳು. ಬುಡು ದುರ್ಗಯ್ಯ, ಸಾಕಾಗೈತೆ.”

“ಹೋರಿಗೆ ಅವನ ಹೆಸರೇ ಇಟ್ಟಿದ್ದೀಯಲ್ಲ! ಬದಲಾಯಿಸ್ಬಾರ್ದಾ?”

“ಬೆಳಿಗ್ಗೆ ಭೈರ ಅಂತ ಕರ್ದೆ. ತಿರುಗಿ ಕೂಡ ನೋಡ್ಲಿಲ್ಲ.”

“ಅಭ್ಯಾಸ ಆಯ್ತದೆ.”

“ಕರುವಾಗಿದ್ದಾಗಿಂದ ಕರ್ದಿರೋ ಹೆಸರು ಕಣಪ್ಪ. ಅದೇನ್ ತಪ್ಪು ಮಾಡೈತೆ?”

ಒಳಗಿನಿಂದ ಡಾಕ್ಟರ್ ಕರೆದರು. ಹಿರಿಯ ಹಗ್ಗ ಜಗ್ಗಿದ; ಹೋರಿ ಕದಲಲಿಲ್ಲ. ಅವನು ಸುತ್ತ ನೋಡುವುದನ್ನು ಕಂಡು ಕೆಂಪಕ್ಕ ಮೇಕೆಯತ್ತ ಮುಖ ತಿರುಗಿಸಿದಳು.

“ಏಳಪ್ಪ, ವಿಜೇತ,” ಎಂದು ಅವನು ಹೋರಿಯ ಕಿವಿಯಲ್ಲಿ ಮೆಲ್ಲಗೆ ಅಂದ. ಹೋರಿ ತಟ್ಟನೆ ಎದ್ದು ಅವನ ಹಿಂದೆಯೇ ನಡೆಯಿತು.