ಹೊಳ್ಯಾಗ ನಡಿಯೋ ಚಿತ್ರ

ಏ, ಅಲ್ಲೇ ಯಾಕ ನಿಂತಿ? ದಂಡೀ ತನಕ ಬಾ. ಮುಳಾ ಹೊಳಿ ಮಾರಿ ನೋಡಂಗಿಲ್ಲ ಅಂದಾಕಿ ಖಡಕಿ ಕ್ವಾರ್ಟರ್ಸಿನಿಂದ ಇಲ್ಲೀತನಕ ಬಂದಿ, ಇನ್ನ ನಾಕು ಹೆಜ್ಜಿಗೆ ಏನು... ಹೆದರಬ್ಯಾಡ, ಯಂತ್ರ ಅದು. ನಿನ್ನ ಮಗಳು ರಂಜಿನಿ ಕಾಗದದ ಮ್ಯಾಲೆ ಚಿತ್ರ ಬರೆದಿಟ್ಟು ಹೋದದ್ದು. ನಾ ಕಬ್ಬಿಣದಾಗ ಮುಗಿಸೀನಿ, ಅಷ್ಟ.

ನಗತೀಯೇನು? ನಗು. ಎರಡು ಕಾಲು, ಬೆನ್ನಿಗೆ ಎರಡು ಪ್ಲಾಸ್ಟಿಕ್ ಪೀಪಾಯಿ... ಚಂದ ಏನಿಲ್ಲ, ಒಪ್ಪಿದೆ. ಆದ್ರ ಕೈ ನೋಡು. ನೀರಿನ ಮ್ಯಾಲೆ ಹಬ್ಬಿದ ಈ ಜಲಪರ್ಣಿ ಕಳೆ ಬೇರುಸಹಿತ ಕೀಳತದ, ಆ ಜಾಗಾದಾಗ ನಮ್ಮ ಜೊಂಡು ನೆಡತದ. ಅಕೀ ಹೇಳತಿದ್ದಳಲ್ಲ... "ಅಪ್ಪಾ, ಇಂಗ್ಲಿಷರು ಹೂವು ಚಂದ ಅಂತ ಈ ಗಿಡಾ ತಂದ್ರು, ನಮ್ಮ ಹೊಳಿ ಉಸಿರುಗಟ್ಟಿತು. ಅವರ ಹಳೇ ಫಿರಂಗಿಗೆ ಬಣ್ಣಾ ಬಳದು ಚೌಕದಾಗ ನಿಲ್ಲಸೀವಿ, ಹೊಳಿ ಮಾತ್ರ ಯಾರಿಗೂ ಬ್ಯಾಡ. ನನ್ನ ಚಿತ್ರ ಗ್ವಾಡಿಗೆ ತೂಗುಬೀಳೂದಿಲ್ಲ, ಹೊಳ್ಯಾಗ ನಡೀತದ." ಹುಚ್ಚಿ. ಯಂತ್ರ ಆಗೂತನಕ ಕೈಲೇ ಕಿತ್ತಳು. ಆ ಹೊಲಸು ನೀರಾಗ ನಿಂತು ನಿಂತು ಜ್ವರ ಹತ್ತಿಸಿಕೊಂಡಳು...

ಬಿಡು. ಅಳಬ್ಯಾಡ... ಅಳವಲ್ಲಿ? ಮತ್ತ ಯಾಕ ಹಂಗ ಅದರ ಕಾಲಿನ ಕಡೆ ನೋಡತಿ?

ಓ, ಕುಂಟತದ ಅಂತ? ಏನಿಲ್ಲ ಅದು, ಎಡಗಾಲಿನ ನಟ್ ಸಡ್ಲಾಗ್ಯದ. ಬಿಗೀತೀನಿ. ಬಿಗಿಯಾಕೇ ಬೇಕು. ನಾಳೆ ಮುನಸಿಪಾಲ್ಟಿ ಸಾಹೇಬ್ರು ನೋಡಾಕ ಬರತಾರ, ಸೀದಾ ನಡೀದಿದ್ರ ಹೊಳಿಗೆ ಇಳಸಗೊಡಂಗಿಲ್ಲ. ಇಳೀದಿದ್ರ ಅಕೀ ಪಟ್ಟ ಪಾಡೆಲ್ಲಾ ಮಣ್ಣುಪಾಲು. ಅಗೋ ಫೋನ್ ಹಿಡಕೊಂಡು ಅದನ್ನ ನಡಸಾಕತ್ತಾಳಲ್ಲ ಅಕೀ ಗೆಳತಿ ತೃಪ್ತಿ, ಆ ಹುಡುಗಿನೂ ಹತ್ತು ಸಲ ಕೇಳಿದ್ಲು, "ಕಾಕಾ, ಲೆಕ್ಕ ಎಲ್ಲಾ ಸರಿ ಅದ, ಯಾಕ ಕುಂಟತದ?" ಅಂತ. ನಟ್ ಅಂದೆ...

ಚೀಲಕ್ಕ ಕೈ ಹಾಕಬ್ಯಾಡ. ಏ... ಅದರಾಗ ಹತಿಯಾರ ಅದಾವ, ಕೈ ಕೊಯ್ತದ... ಚನ್ನಬಸವ್ವಾ, ಹೇಳಿದ್ದು ಕೇಳು...

ತಗದೇಬಿಟ್ಟಿ.

ಹೂಂ. ಇನ್ನೊಂದು ಎಡಗಾಲು. ಅಳದು ನೋಡಬ್ಯಾಡ, ನಾನೇ ಹೇಳತೀನಿ. ಎರಡು ಬೆರಳು ಉದ್ದ ಅದ. ಅದೇ ಸರೀ ಕಾಲು. ಮೊದಲು ಅದನ್ನೇ ಹಚ್ಚಿದ್ದೆ. ಸೀದಾ ನಡೀತು... ಯಾರೋ ಬ್ಯಾರೆಯವರು ನಡದು ಬಂದಂಗಾತು. ಬಿಚ್ಚಿಬಿಟ್ಟೆ. ಅಕೀ ಎಡಗಾಲು ಎಷ್ಟು ಗಿಡ್ಡಿತ್ತೋ, ಅಷ್ಟೇ ಗಿಡ್ಡ ಇನ್ನೊಂದು ಕೊಯ್ದು ಹಚ್ಚಿದೆ. ಜಿನೇದ ಮೆಟ್ಟಲಾ ಹತ್ತಿ ಬರತಿದ್ಲಲ್ಲ, ಟಪ್... ಸರ್ರ್... ಟಪ್... ಸರ್ರ್... ನಿನಗ ಕೇಳಸಂಗಿಲ್ಲೇನು? ನನಗ ಈಗಲೂ ಕೇಳಸ್ತದ. ಎದ್ದು ಬಾಗಿಲಾ ತಗೀತೀನಿ, ಯಾರೂ ಇರಂಗಿಲ್ಲ.

ಏನರ ಅನ್ನು. ಸತ್ತ ಮಗಳನ್ನ ಕೆಸರಾಗ ಕುಂಟಸಾಕತ್ತೀಯೇನು ಅಂತ ಬೈ... ನಾಳೆ ಸಾಹೇಬ್ರು ಬರೂದರೊಳಗ ಉದ್ದನ್ನ ಕಾಲು ಹಚ್ಚತೀನಿ, ನಿನ್ನಾಣಿ. ಇವತ್ತೊಂದಿನ... ಇವತ್ತೊಂದಿನ ಹಿಂಗೇ ನಡೀಲಿ.

ಎಲ್ಲಿ ಹೊಂಟಿ? ಕೆಸರದ ಅಲ್ಲಿ, ಸೀರಿ ತೊಯ್ತದ... ಅದರ ಎಡಕ್ಕ ಯಾಕ ನಿಂತಿ? ಬೀಳಂಗಿಲ್ಲ ಅದು. ಪೀಪಾಯಿ ಹಿಡಕೊಂಡಾವ ಅದನ್ನ, ನೀ ಹಿಡೀಬೇಕಂತಿಲ್ಲ...

ತೃಪ್ತಿ, ಸಾವಕಾಶ ನಡಸವಾ. ನಿನ್ನ ಕಾಕೂ ಹೆಗಲು ಕೊಟ್ಟಾಳ.