ಕೊನೆಯ ಎರಡು ಬೋಗಿಗಳ ಪ್ರಯಾಣಿಕರ ಗಮನಕ್ಕೆ

ಸಭೆಯ ಅಧ್ಯಕ್ಷರೇ, ನನಗಿಂತ ಮೊದಲೇ ಮಾತಾಡಿ ನಿರಾಳವಾಗಿ ಕೂತಿರುವ ಅತಿಥಿಗಳೇ, ಪ್ರಯಾಣಿಕರ ಸಂಘದ ಪದಾಧಿಕಾರಿಗಳೇ, ಆರೂವರೆಯ ಲೋಕಲ್ ಬಿಟ್ಟು ಇನ್ನೂ ಕಾದಿರುವ ಸಭಿಕರೇ,

ನಮ್ಮ ನಿಲ್ದಾಣಕ್ಕೆ ಎಪ್ಪತ್ತೈದು ತುಂಬಿತು. ಅದರ ಇತಿಹಾಸ ಹೇಳಿ ಎಂದು ಕಾರ್ಯದರ್ಶಿಗಳು ನನ್ನನ್ನು ಎಳೆದು ತಂದಿದ್ದಾರೆ. ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಗಾಡಿ ಬಂತು, ಗಾಡಿ ಹೊರಟಿತು ಎಂದು ಕೂಗಿದವನು ನಾನು. ನಿಜ ಹೇಳುತ್ತೇನೆ, ದಣಿದಿದ್ದೇನೆ. ಆದರೂ ಬಂದೆ. ನೀವು ಕೊಟ್ಟ ಈ ಫಲಕದ ಮೇಲೆ ‘ಪ್ಲಾಟ್‌ಫಾರ್ಮ್ ಉದ್ದವಾಗಲು ಕಾರಣರಾದವರು’ ಎಂದು ಕೆತ್ತಿಸಿದ್ದೀರಿ. ಮೊದಲ ಸಾಲಿನಲ್ಲಿ, ಊರುಗೋಲು ಹಿಡಿದು, ನನ್ನ ಅಕ್ಕ ಕೂತಿದ್ದಾಳೆ. ಅವಳಿಗೆ ಹನ್ನೊಂದು ವರ್ಷದಿಂದ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಮನೆಯಲ್ಲಿ ಬಾಯಿ ಬರಲಿಲ್ಲ. ಇಲ್ಲಾದರೂ ಬರುತ್ತದೋ ನೋಡೋಣ.

ಇತಿಹಾಸವೇನೂ ದೊಡ್ಡದಲ್ಲ. ಮೊದಲು ಇಲ್ಲಿದ್ದದ್ದು ಒಂದು ಗಾಜಿನ ಕಾರ್ಖಾನೆ. ಅದರ ಕೆಲಸಗಾರರಿಗೆಂದು ಒಂದು ತಗಡಿನ ಚಪ್ಪರ, ಒಂದು ಬೆಂಚು, ದಿನಕ್ಕೆರಡು ಗಾಡಿ. ಕಾರ್ಖಾನೆ ಮುಚ್ಚಿತು, ಆದರೆ ಸುತ್ತ ಮನೆಗಳೆದ್ದವು, ಜನ ತುಂಬಿದರು. ನಾಲ್ಕು ಬೋಗಿಯ ಗಾಡಿ ಏಳಾಯಿತು, ಏಳು ಒಂಬತ್ತಾಯಿತು. ಗಾಡಿ ಬೆಳೆಯಿತು, ಪ್ಲಾಟ್‌ಫಾರ್ಮ್ ಬೆಳೆಯಿತೇ? ಇಲ್ಲ. ಕೊನೆಯ ಎರಡು ಬೋಗಿಗಳು ಆಚೆ ಜಲ್ಲಿಕಲ್ಲಿನ ಮೇಲೆ ನಿಲ್ಲತೊಡಗಿದವು. ದಿನಾ ಓಡಾಡುವವರು ಮುಂದಿನ ಬೋಗಿಗಳಿಗೇ ನುಗ್ಗಿ ನಿಲ್ಲುತ್ತಿದ್ದರು. ಹೊಸಬರು? ಹೊಸಬರು ಧುಮುಕುತ್ತಿದ್ದರು.

ಆಗ ಮೇಲಿನಿಂದ ಆದೇಶ ಬಂತು, ಪ್ರತಿ ಗಾಡಿಗೂ ಎಚ್ಚರಿಕೆ ಪ್ರಕಟಿಸತಕ್ಕದ್ದು ಎಂದು. ನಾನು ಪ್ರಕಟಿಸಿದೆ. ‘ಕೊನೆಯ ಎರಡು ಬೋಗಿಗಳ ಪ್ರಯಾಣಿಕರು ದಯವಿಟ್ಟು ಇಳಿಯಬಾರದು, ಒಳಗಿನಿಂದಲೇ ಮುಂದಕ್ಕೆ ಬರಬೇಕು.’ ದಿನಕ್ಕೆ ಅರವತ್ತೆರಡು ಸಲ. ನಿದ್ದೆಯಲ್ಲೂ ಅದನ್ನೇ ಹೇಳುತ್ತಿದ್ದೆನಂತೆ. ‘ಮಂಚದಿಂದ ಇಳೀಬೇಡ ಅಂತೀರಲ್ಲ, ಮತ್ತೆ ಬೆಳಿಗ್ಗೆ ಕಾಫಿ ಯಾರು ಮಾಡ್ತಾರೆ?’ ಎಂದು ಹೆಂಡತಿ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ರೈಲ್ವೆ ಗೇಟಿನವನು ನನ್ನ ಕೋಣೆಗೆ ಬಂದ. ಅವನ ಗೂಡು ಆ ಕೊನೆಯ ಬೋಗಿಗಳು ನಿಲ್ಲುವ ಜಾಗದ ಪಕ್ಕದಲ್ಲೇ. ‘ಸಾರ್, ನೀವು ಕೂಗೋದು ಅಲ್ಲಿ ಒಂದಕ್ಷರಾನೂ ಕೇಳಲ್ಲ. ಸ್ಪೀಕರ್ ಎಲ್ಲಾ ಈ ಛಾವಣಿ ಕೆಳಗೇ ಇದಾವಲ್ಲ’ ಎಂದ. ಯಾರಿಗೆ ಕೇಳಬೇಕೋ ಅವರನ್ನು ಬಿಟ್ಟು ಮಿಕ್ಕವರಿಗೆಲ್ಲ ನಾನು ಎಚ್ಚರಿಕೆ ಹೇಳುತ್ತಿದ್ದೆ! ನಾನು ಏನೆಂದೆ ಗೊತ್ತೇ? ‘ಪ್ರಕಟಿಸಬೇಕು ಅಂತ ಆದೇಶ ಇದೆ ಕಣಯ್ಯಾ, ಕೇಳಿಸಬೇಕು ಅಂತ ಇಲ್ಲ.’ ಅವನು ನಕ್ಕ. ನಾನೂ ನಕ್ಕೆ. ಒಂದು ಪತ್ರ ಬರೆದಿದ್ದರೆ ಅಲ್ಲಿಗೂ ಸ್ಪೀಕರ್ ಬರುತ್ತಿತ್ತೇನೋ. ಬರೆದರೆ ಅದಕ್ಕೊಂದು ಪ್ರಶ್ನೆ, ಪ್ರಶ್ನೆಗೊಂದು ವಿವರಣೆ, ಯಾರಿಗೆ ಬೇಕಪ್ಪಾ ಎಂದು ಸುಮ್ಮನಾದೆ.

ಎರಡು ವರ್ಷದ ಮೇಲೆ ಅಕ್ಕ ನಮ್ಮ ಮನೆಗೆಂದು ಬಂದಳು, ಕೊನೆಯ ಬೋಗಿಯಲ್ಲಿ. ನಾನು ಕೂಗುತ್ತಲೇ ಇದ್ದೆ, ಅವಳು ಇಳಿದೇಬಿಟ್ಟಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳೇ ನನಗೆ ಸಮಾಧಾನ ಹೇಳಿದಳು. ‘ನೀನ್ಯಾಕೋ ಅಳ್ತೀಯ? ನೀನು ಹೇಳೇ ಇರ್ತೀಯ. ನನ್ ಕಿವೀನೇ ಸರಿಯಿಲ್ಲ.’ ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮರುವಾರ ಪತ್ರ ಬರೆದೆ. ಒಂದಲ್ಲ, ಒಂಬತ್ತು. ವರ್ಷದೊಳಗೆ ಪ್ಲಾಟ್‌ಫಾರ್ಮ್ ಉದ್ದವಾಯಿತು. ನೀವು ಈಗ ಚಪ್ಪಾಳೆ ತಟ್ಟಿದ್ದು ಅದಕ್ಕೆ.

ಅಕ್ಕ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಮೂಳೆ ಕೂಡಿತು, ಪಾಠ ಮತ್ತೆ ಶುರುವಾಗಲಿಲ್ಲ. ‘ಅಪಸ್ವರ ಕಿವಿಗೆ ಬೀಳದವಳು ಏನು ಕಲಿಸಲಿ?’ ಎಂದಳು. ಡಾಕ್ಟರು ಎರಡು ಸಲ ಪರೀಕ್ಷಿಸಿ ಕಿವಿ ಚೆನ್ನಾಗಿದೆ ಎಂದರು. ‘ಡಾಕ್ಟರಿಗೇನು ಗೊತ್ತು, ನನ್ನ ತಮ್ಮ ಕೂಗಿದ್ದೇ ನನಗೆ ಕೇಳಿಸಲಿಲ್ಲ’ ಎಂದಳು. ಡಾಕ್ಟರಿಗಿಂತ ನನ್ನನ್ನು ನಂಬಿದಳು. ಹನ್ನೊಂದು ವರ್ಷ ನಂಬಿದಳು. ನನಗೆ ನಾಚಿಕೆಯಾಗುತ್ತದೆ, ಸಭಿಕರೇ.

ಅಕ್ಕಾ, ನಿನ್ನ ಕಿವಿ ಸರಿಯಾಗೇ ಇದೆ. ನನ್ನ ಕೂಗು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅದು ನನಗೆ ಗೊತ್ತಿತ್ತು. ನೀನು ಬೀಳುವುದಕ್ಕೆ ಎರಡು ವರ್ಷ ಮೊದಲೇ ಗೊತ್ತಿತ್ತು.

ಕೇಳಿಸಿತೇ, ಅಕ್ಕಾ?

ಅವಳು ನನ್ನ ಮುಖ ನೋಡುತ್ತಿಲ್ಲ. ಅಂದರೆ ಕೇಳಿಸಿದೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.