ಇನ್ನೊಂದು ಚೀಲ ನೀರು

ರಾಜೂರಿನಲ್ಲಿ ಆ ಬೇಸಿಗೆಯ ಮೊದಲ ಮಳೆ ಸಂಜೆಗೇ ಹಿಡಿದಿತ್ತು. ನರಗುಂದದ ಅರಸ ಇಂಗ್ಲಿಷರ ಮೇಲೆ ಎದ್ದ ಗದ್ದಲ ಮುಗಿದ ಮರುವರ್ಷ ಅದು. ಉಡಚವ್ವನ ಪಡಸಾಲೆಯಲ್ಲಿ ಹತ್ತಿ ಬಿಡಿಸಲು ಕೂಡಿದ್ದ ನೆರೆಯವರು ಹೊರಗೆ ಹೆಜ್ಜೆ ಇಡುವಂತಿರಲಿಲ್ಲ. ಅವರ ನಡುವೆ ಹೂವಪ್ಪನೂ ಇದ್ದ. ಊರಿಗೆ ಹೊಸಬ; ಎತ್ತು ಹೂಡಿ ಕಪಲಿಯ ತೊಗಲ ಚೀಲದಲ್ಲಿ ನೀರೆತ್ತುವ, ಗುಡ್ಡದ ಬುಡದ ಬಾವಿತೋಟವನ್ನು ಪಾಲಿಗೆ ಹಿಡಿದು ಬಂದಿದ್ದ. ಹೆಂಡತಿ ಬಾಳವ್ವ ಬಾಣಂತನಕ್ಕೆ ಜಕ್ಕಲಿಯ ತವರಿಗೆ ಹೋಗಿದ್ದಳು. ಮೆಣಸಿನ ಸಸಿ ಒಣಗಿದರೆ ತೋಟ ಕೈಬಿಡುತ್ತದೆ, ಆಕೆ ಕೂಸು ಎತ್ತಿಕೊಂಡು ಇಲ್ಲಿಗೆ ಬರುವುದರ ಬದಲು ತಾನೇ ಹೋಗಿ ಮಾವನ ಮನೆಯಲ್ಲಿ ಕೂಡಬೇಕಾಗುತ್ತದೆ. ಅವನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಇದೇ ಚಿಂತೆ.

"ಮಳಿ ಬಂತಲ್ಲೋ, ಇನ್ಯಾಕ ಮಾರಿ ಸಣ್ಣ ಮಾಡೀದಿ?" ಎಂದಳು ಪಕ್ಕದ ಮನೆಯ ಮಾಬೂಬಿ.

"ಈ ಮಳಿ ಎಷ್ಟು ದಿನದ್ದು ಬೇ? ಬಾವ್ಯಾಗ ನೀರಿಗೆ ಬರ ಇಲ್ಲ, ಕಡೀ ಮಡಿಗೆ ಮಾತ್ರ ಮುಟ್ಟವಲ್ದು. ಕಪಲಿ ಚೀಲ ಬಿಚ್ಚಿ ನೋಡಿದೆ, ತೊಗಲಿಗೆ ತೂತಿಲ್ಲ. ಎಣ್ಣಿ ತಿಕ್ಕಿ ನೆನಸಿದೆ. ನೀರು ಸುರಿಯೋ ಸೊಂಡಿಲಿನ ಹಗ್ಗ ಬಿಗಿ ಮಾಡಿದೆ. ಕಾಲುವ್ಯಾಗ ಇಲಿ ಬಿಲ ಇದ್ದಾವೇನಂತ ಗೇಣು ಗೇಣು ತಡವಿ ಹೆಂಡಿ ಮೆತ್ತಿದೆ. ಚೀಲ ತುಂಬೇ ಬರ್ತೈತಿ, ಬೇವಿನ ಗಿಡ ದಾಟೂದ್ರಾಗ ನೀರು ಮಾಯ."

ಬೇವಿನ ಗಿಡ ಎಂದಕೂಡಲೇ ಉಡಚವ್ವನ ಕೈ ನಿಂತಿತು. ಮುದುಕಿ ಬಾಯಿ ಜೋರಿನವಳು, ಊರಲ್ಲಿ ಆಕೆಗೆ ಎದುರಾಡುವವರಿರಲಿಲ್ಲ. ದೀಪದ ಬತ್ತಿ ಮುಂದೆ ಸರಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಶುರುಮಾಡಿದಳು.

"ಬ್ಯಾರೆ ಯಾರರ ಹೇಳಿದ್ರ, ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ ಅಂತ ನಗತಿದ್ದೆ. ಆ ನೆಲ ಖರೇನ ಡೊಂಕ ಐತೋ ಹೂವಪ್ಪ... ಕೇಳ್ರಿ ಎಲ್ಲಾರೂ. ಆ ಬಾವಿ ಗಾಳೆವ್ವಂದು. ಆಕಿ ಗಂಡ ಕಳಕಪ್ಪ. ಮಕ್ಕಳಿಲ್ಲ ಮರಿ ಇಲ್ಲ, ಅವಗ ಆಕಿ, ಆಕಿಗೆ ಅವ. ಆಕಿ ಕಪಲಿ ಎತ್ತು ಹೊಡೀತಿದ್ದಳು, ಅವ ಸಲಿಕಿ ಹಿಡಕೊಂಡು ಮಡಿಗೆ ನೀರು ತಿರುವ್ತಿದ್ದ. ಊರಾಗ ನಗತಿದ್ರು, ನಾನೂ ನಕ್ಕೇನಿ. ಆದ್ರ ಅವನ ಕಾಲು ಕುಂಟು, ಇಳಿಜಾರಿನ್ಯಾಗ ಎತ್ತಿನ ಹಿಂದ ಹ್ಯಾಂಗ ಓಡ್ಯಾನು? ಬಾವಿ ಕಡಿಂದ ಮಡಿ ಕಾಣಾಂಗಿಲ್ಲ, ಬೇವಿನ ಗಿಡ ಅಡ್ಡ. ನೀರು ಸಾಲದಿದ್ರ 'ಇನ್ನೊಂದು' ಅಂತ ಕೂಗಾಂವ, ಸಾಕಾದ್ರ 'ತುಂಬ್ತು' ಅನ್ನಾಂವ. ಆ ಎರಡು ಮಾತಿನ ಮ್ಯಾಲೇ ಅವರ ಸಂಸಾರ ನಡೀತಿತ್ತು.

"ನಾಕೈದು ವರ್ಷದ ಹಿಂದ ವಾಂತಿಭೇದಿ ಬ್ಯಾನಿ ಬಂತಲ್ಲಾ... ಮುಂಜಾನಿ ನೆಟ್ಟಗಿದ್ದಾಂವ ಮಧ್ಯಾಹ್ನಕ್ಕ ಹಾಸಿಗಿ ಹಿಡಿದ. ನೀರು ಕೊಟ್ರ ಬ್ಯಾನಿ ಏರ್ತೈತಿ, ಹನಿ ಸುದ್ದಾ ಕೊಡಬ್ಯಾಡ್ರಿ ಅಂತ ಹೇಳ್ತಿದ್ರು, ಈಗೂ ಹೇಳ್ತಾರ. ಗಾಳೆವ್ವ ಕಲ್ಲಾಗಿ ಕುಂತಳು. ಅವನ ನಾಲಿಗಿ ಒಣಗಿ ಅಂಗುಳಕ್ಕ ಹತ್ತಿದಾಗ ತಡೀಲಾರದ ಒಂದು ಮಿಳ್ಳಿ ನೀರು ಬಾಯಾಗ ಬಿಟ್ಟಳು. ಅವ ಕಣ್ಣು ತೆರದು 'ಇನ್ನೊಂದು' ಅಂದ. ಕೊಡಲಿಲ್ಲ. ಮತ್ತ 'ಇನ್ನೊಂದು' ಅಂದ. ಬದುಕಲಿ ಅಂತ ಕೊಡಲಿಲ್ರಿ... ಹೊತ್ತು ಮುಳುಗೂದ್ರಾಗ ಹೋಗಿಬಿಟ್ಟ. ಬೇವಿನ ಗಿಡದ ಬುಡಕ್ಕ ಮಣ್ಣು ಕೊಟ್ವಿ.

"ಆಮ್ಯಾಲೆ ಆಕಿ ಒಬ್ಬಾಕಿನ. ಎತ್ತು ಹೊಡೀತಿದ್ದಳು, ನಿಂದರಸ್ತಿದ್ದಳು, ಓಡಿ ಹೋಗಿ ಮಡಿ ನೋಡಿ ಬರ್ತಿದ್ದಳು... ಮನ್ಯಾಗ ಮಾತಿಲ್ಲ, ಹೊಲದಾಗ ಮಾತಿಲ್ಲ. ಎತ್ತಿನ ಕೂಡ ಎಷ್ಟಂತ ಮಾತಾಡ್ಯಾಳು? ಒಂದಿನ ನಡು ಮಧ್ಯಾಹ್ನ, ಸುಡು ಬಿಸಲು, ಎಲಿ ಅಲಗವಲ್ದು... ಗಿಡದ ಕಡಿಂದ 'ಇನ್ನೊಂದು' ಅಂತ ಬಂತು. ಅವನದೇ ದನಿ. ಆಕಿ ಅಂಜಲಿಲ್ಲ. ಗಂಡಗ ಯಾಕ ಅಂಜಬೇಕು? ಇನ್ನೊಂದು ಚೀಲ ಎತ್ತಿದಳು. ಮತ್ತ 'ಇನ್ನೊಂದು'. ಹೊತ್ತು ಇಳಿಯೂತನಕ ಎತ್ತಿದಳು. ಹೋಗಿ ನೋಡಿದ್ರ ಕಡೀ ಮಡಿ ಬಿರಕು ಬಿಟ್ಟು ನಿಂತೈತಿ, ಗಿಡದ ಬುಡ ಅಷ್ಟ ಹಸಿ.

"ಕಾಲುವಿ ಗಿಡದಿಂದ ಆಚೆ ಕಡೆ ತಿರುವು, ಹೊಟ್ಟಿಗೇನು ತಿಂತಿ ಅಂತ ನಾವೇ ಬುದ್ಧಿ ಹೇಳಿದ್ವಿ. ತಿರುವಿದಳು. ನೀರು ಕಡೀ ಮಡಿಗೆ ಸರಳ ಮುಟ್ಟಿತು, ಬದನಿ ಗಿಡ ಚಿಗತುವು. ಆದ್ರ ದನಿ ನಿಂತು ಹೋತು... ಆಕಿ ತಡಕೊಂಡಳು, ತಡಕೊಂಡಳು, ಒಂದು ಮುಂಜಾನಿ ನಾ ಹೋದ್ರ ತಾನೇ ಸಲಿಕಿ ತಗೊಂಡು ಹಳೇ ಕಾಲುವಿ ಬಾಯಿ ಬಿಡಸಾಕ ಹತ್ತಿದ್ದಳು. 'ಅವತ್ತು ಕೊಡಲಿಲ್ಲ ಉಡಚಕ್ಕ, ಈಗರ ಕೊಡ್ತೀನಿ. ಒಮ್ಮೆ ತುಂಬ್ತು ಅನ್ನಲಿ, ಸಾಕು' ಅಂದಳು. ಆ ಮಾತು ನೆನಸಿದ್ರ ಈಗೂ ನನ್ನ ಕರಳು ಕಿತ್ತು ಬರ್ತೈತಿ. ತೋಟ ಒಣಗಿತು, ಎತ್ತು ಸೊರಗಿದುವು. ಹ್ವಾದ ವರ್ಷ ಇಳಿಜಾರಿನ್ಯಾಗ ಹಗ್ಗ ಹಿಡಕೊಂಡೇ ಬಿದ್ದಿದ್ದಳು. ಅವನ ಬಾಜೂಕ ಮಣ್ಣು ಕೊಟ್ವಿ... 'ತುಂಬ್ತು' ಅನ್ನೂದು ಕೇಳಿದಳೋ ಇಲ್ಲೋ, ಯಾರಿಗೆ ಗೊತ್ತು?"

ಮಳೆ ಹಂಚಿನ ಮೇಲೆ ಬೀಳುತ್ತಲೇ ಇತ್ತು. ಯಾರೂ ಹತ್ತಿ ಮುಟ್ಟಲಿಲ್ಲ.

"ಹೂವಪ್ಪ," ಎಂದಳು ಮುದುಕಿ ಮೆಲ್ಲಗೆ, "ಬಾವಿ ಕಡಿಂದ ಮಡಿ ಕಾಣಾಂಗಿಲ್ಲ. ನೀ ಒಬ್ಬನ ಇರ್ತಿ. ಇನ್ನೊಂದು ಚೀಲ ಬೇಕೋ ಬ್ಯಾಡೋ ನಿನಗ ಹ್ಯಾಂಗ ತಿಳಿತೈತಿ?"

ಹೂವಪ್ಪ ಮಾತಿಗೆ ಒಂದು ಆಸರೆ ಹುಡುಕಿದ.

"ಗಂಡಸಿನ ದನಿ ಅಲ್ಲ ಬೇ ಅದು. ಹೆಣ್ಮಗಳು. ಬಾಜೂ ಹೊಲದಾಕಿ ಇರಬೇಕು ಅಂತ... ಆಕಿ 'ಇನ್ನೊಂದು' ಅಂತಾಳ, ನಾ 'ಹೂಂ ತಂಗಿ' ಅಂತೀನಿ. ಬಾಳವ್ವ ಹೋದಾಗಿಂದ ಹೊಲದಾಗ ನನ್ನ ಕೂಡ ಮಾತಾಡೂದು ಆಕಿ ಒಬ್ಬಾಕಿನ."

"ಬಾಜೂಕ ಹೊಲ ಎಲ್ಲೈತೋ ತಮ್ಮಾ, ಅಲ್ಲಿ ಬರೀ ಗುಡ್ಡ." ಉಡಚವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವತ್ತು ಕುಡಿಯಾಂವ ಒಬ್ಬ ಇದ್ದ... ಈಗ ಇಬ್ರು."

ಮಾಬೂಬಿ ಸರಿದು ಗೋಡೆಗೆ ಒತ್ತಿ ಕುಳಿತಳು. ಹೂವಪ್ಪನಿಗೆ ಸಸಿ ನೆನಪಾಯಿತು, ಜಕ್ಕಲಿಯಿಂದ ಬರಬೇಕಾದ ಕೂಸು ನೆನಪಾಯಿತು. ಅದರ ಹಿಂದೆಯೇ, ಕಾಲುವೆ ತಿರುವಿದರೆ ಯಾರೂ ಕೂಗದ ನಾಳಿನ ಮಧ್ಯಾಹ್ನವೂ ಕಣ್ಣ ಮುಂದೆ ಬಂದಿತು. ಎಲ್ಲಕ್ಕಿಂತ ಅದಕ್ಕೇ ಅವನು ಹೆಚ್ಚು ಅಂಜಿದ.

"ನಾಳೆ ಎದ್ದಕೂಡಲೇ ಕಾಲುವಿ ತಿರುವತೀನಿ ಬೇ," ಎಂದ.

ಉಡಚವ್ವ ಮತ್ತೆ ಹತ್ತಿ ಕೈಗೆತ್ತಿಕೊಂಡಳು.

"ತಿರುವು," ಎಂದಳು. "ಗಾಳೆವ್ವನೂ ತಿರುವಿದ್ದಳು."